ನಿತ್ಯಸಂಚಾರದ ಬೈಸಿಕಲ್

ನಿತ್ಯಸಂಚಾರದ ಬೈಸಿಕಲ್ ಎಂದರೆ ಮನೆಯಿಂದ ಕೆಲಸದ ಸ್ಥಳ, ಶಾಲೆ, ಕಾಲೇಜು, ಮಾರುಕಟ್ಟೆ ಅಥವಾ ರೈಲು ನಿಲ್ದಾಣಕ್ಕೆ ಪ್ರತಿದಿನ ಹೋಗಿಬರಲು ಬಳಸುವ ಸೈಕಲ್. ಇದು ಸ್ಪರ್ಧೆಗಾಗಿ ತಯಾರಾದ ರೇಸಿಂಗ್ ಸೈಕಲ್ಲಿಗಿಂತಲೂ ಗುಡ್ಡಗಾಡಿನ ಓಟಕ್ಕಾಗಿ ರೂಪುಗೊಂಡ ಮೌಂಟನ್ ಬೈಕಿಗಿಂತಲೂ ಭಿನ್ನವಾದುದು. ವೇಗ ಮತ್ತು ಹಗುರತೆಗಿಂತ ಬಾಳಿಕೆ, ಸುಲಭ ನಿರ್ವಹಣೆ, ಮಳೆಗಾಲದಲ್ಲಿಯೂ ಓಡಿಸಬಹುದಾದ ಗುಣ, ಸಾಮಾನು ಹೊರುವ ಸಾಮರ್ಥ್ಯ ಹಾಗೂ ಕಳವಿನಿಂದ ರಕ್ಷಣೆ ಇದರಲ್ಲಿ ಮುಖ್ಯವಾಗುತ್ತವೆ. ಸಾಗಬೇಕಾದ ದೂರ, ದಾರಿಯ ಏರಿಳಿತ, ಹವಾಮಾನ ಮತ್ತು ಸೈಕಲ್ಲನ್ನು ನಿಲ್ಲಿಸುವ ಸ್ಥಳ ಎಂಬ ನಾಲ್ಕು ಅಂಶಗಳು ಇದರ ಆಯ್ಕೆಯನ್ನು ನಿರ್ಧರಿಸುತ್ತವೆ.

ಹಿನ್ನೆಲೆ

1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಯಾರಿಸಿದ 'ರೋವರ್' ಸೈಕಲ್ಲು ಇಂದಿನ ಸೈಕಲ್ಲುಗಳ ಮೂಲ ಮಾದರಿಯಾಗಿದೆ. ಸುಮಾರಾಗಿ ಸಮಾನ ಗಾತ್ರದ ಎರಡು ಚಕ್ರಗಳು ಮತ್ತು ಹಿಂದಿನ ಚಕ್ರವನ್ನು ತಿರುಗಿಸುವ ಚೈನು ಇದರ ವೈಶಿಷ್ಟ್ಯಗಳಾಗಿದ್ದವು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಮೇಲೆ ಸೈಕಲ್ ಸವಾರಿ ಹಿತಕರವಾಯಿತು. ಈ ಎರಡು ಬೆಳವಣಿಗೆಗಳಿಂದ 'ರೋಡ್‌ಸ್ಟರ್' ಎಂಬ ಗಟ್ಟಿಮುಟ್ಟಾದ, ನೇರವಾಗಿ ಕುಳಿತು ಓಡಿಸುವ ಸೈಕಲ್ಲು ರೂಪುಗೊಂಡು ಬ್ರಿಟನ್, ನೆದರ್ಲೆಂಡ್ಸ್, ಆಫ್ರಿಕಾ ಮತ್ತು ಏಷ್ಯಾದ ದೇಶಗಳಲ್ಲಿ ಹರಡಿತು.

ಭಾರತದಲ್ಲಿ ಸ್ವಾತಂತ್ರ್ಯಾನಂತರ ಸೈಕಲ್ ತಯಾರಿಕೆ ದೊಡ್ಡ ಪ್ರಮಾಣದಲ್ಲಿ ಬೆಳೆಯಿತು. ಮದ್ರಾಸಿನ ಟಿಐ ಸೈಕಲ್ಸ್ 1949ರಲ್ಲಿಯೂ, ಸೋನಿಪತ್‌ನ ಅಟ್ಲಾಸ್ 1951ರಲ್ಲಿಯೂ, ಲೂಧಿಯಾನದ ಹೀರೋ ಸೈಕಲ್ಸ್ 1956ರಲ್ಲಿಯೂ ಆರಂಭವಾದವು. ಅಂಚೆಯವರು, ಹಾಲು ಮಾರುವವರು, ಗಿರಣಿ ಕಾರ್ಮಿಕರು ಮತ್ತು ಶಿಕ್ಷಕರು ದಶಕಗಳ ಕಾಲ ಬಳಸಿದ ಕಪ್ಪು ಬಣ್ಣದ ಸೈಕಲ್ಲು ಈ ರೋಡ್‌ಸ್ಟರ್ ಮಾದರಿಯದೇ ಆಗಿದೆ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ವಿತರಿಸುವ ಯೋಜನೆಯನ್ನು ಆರಂಭಿಸಿತು. ಮೈಸೂರಿನಲ್ಲಿ 2017ರಲ್ಲಿ 'ಟ್ರಿಣ್ ಟ್ರಿಣ್' ಎಂಬ ಸಾರ್ವಜನಿಕ ಬಾಡಿಗೆ ಸೈಕಲ್ ವ್ಯವಸ್ಥೆ ಜಾರಿಗೆ ಬಂದಿತು.

ಹಳೆಯ ರೋಡ್‌ಸ್ಟರ್ ಸೈಕಲ್ಲಿಗೆ ಮಡ್‌ಗಾರ್ಡ್, ಚೈನ್ ಕವರ್, ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು ಮತ್ತು ಹಿಂದಿನ ಚಕ್ರದ ಬೀಗ ಸಾಮಾನ್ಯವಾಗಿ ಜೊತೆಯಲ್ಲಿಯೇ ಬರುತ್ತಿದ್ದವು. ಅನಂತರ ಜನಪ್ರಿಯವಾದ ಮೌಂಟನ್ ಬೈಕ್ ಮತ್ತು ಹೈಬ್ರಿಡ್ ಮಾದರಿಗಳು ಬಹುಮಟ್ಟಿಗೆ ಇವುಗಳಿಲ್ಲದೆಯೇ ಮಾರಾಟವಾಗುತ್ತವೆ. ಹೀಗಾಗಿ ಇಂದು ನಿತ್ಯಸಂಚಾರಕ್ಕೆ ಸೈಕಲ್ ಕೊಳ್ಳುವುದು ಎಂದರೆ ಸೈಕಲ್ಲನ್ನು ಆರಿಸುವುದರ ಜೊತೆಗೆ ಅದನ್ನು ಸಜ್ಜುಗೊಳಿಸುವುದೂ ಆಗಿದೆ.

ಆಯ್ಕೆಯ ಮಾನದಂಡಗಳು

ದೂರ: ಸಾಧಾರಣ ಸವಾರರು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ ಸುಮಾರು 15 ಕಿ.ಮೀ. ವೇಗದಲ್ಲಿ ಆಯಾಸವಿಲ್ಲದೆ ಸಾಗಬಲ್ಲರು. ಈ ಲೆಕ್ಕದಲ್ಲಿ 5 ಕಿ.ಮೀ. ದೂರಕ್ಕೆ 20 ನಿಮಿಷ ಬೇಕಾಗುತ್ತದೆ. ಅಷ್ಟು ದೂರಕ್ಕೆ ಯಾವುದೇ ಸುಸ್ಥಿತಿಯ ಸೈಕಲ್ಲು ಸಾಕಾಗುತ್ತದೆ. ದೂರ ಹೆಚ್ಚಿದಂತೆ ಕುಳಿತುಕೊಳ್ಳುವ ಭಂಗಿ, ಸೈಕಲ್ಲಿನ ತೂಕ ಮತ್ತು ಗೇರುಗಳು ಮುಖ್ಯವಾಗುತ್ತವೆ.

ಏರಿಳಿತ: ವಿಜಯಪುರ, ರಾಯಚೂರಿನಂತಹ ಬಯಲುಸೀಮೆಯ ಊರುಗಳಲ್ಲಿ ಗೇರು ಇಲ್ಲದ ಸೈಕಲ್ಲು ತೊಡಕಿಲ್ಲದೆ ನಡೆಯುತ್ತದೆ. ಬೆಂಗಳೂರಿನಲ್ಲಿ ತಗ್ಗುದಿಬ್ಬಗಳು ಮತ್ತೆ ಮತ್ತೆ ಎದುರಾಗುವುದರಿಂದ ಕೆಲವು ಗೇರುಗಳಾದರೂ ಇರುವುದು ಅನುಕೂಲ. ಮಂಗಳೂರಿನ ದಿಬ್ಬಗಳಿಗೆ ಮತ್ತು ಮಡಿಕೇರಿಯ ಕಡಿದಾದ ರಸ್ತೆಗಳಿಗೆ ಕೆಳಮಟ್ಟದ ಗೇರುಗಳು ಅನಿವಾರ್ಯವಾಗುತ್ತವೆ.

ಹವಾಮಾನ: ಕರಾವಳಿ ಮತ್ತು ಮಲೆನಾಡಿನಲ್ಲಿ ಮಳೆನೀರು ಹಾಗೂ ಕೆಸರು ಚೈನು, ಬ್ರೇಕು ಮತ್ತು ಬೇರಿಂಗುಗಳನ್ನು ಬೇಗನೆ ಸವೆಸುತ್ತವೆ. ಸಮುದ್ರತೀರದ ಉಪ್ಪುಗಾಳಿಯಿಂದ ಉಕ್ಕಿನ ಭಾಗಗಳು ತುಕ್ಕು ಹಿಡಿಯುತ್ತವೆ. ಇಂತಹ ಕಡೆ ಮುಚ್ಚಿದ ಚೈನು, ಅಲ್ಯೂಮಿನಿಯಂ ರಿಮ್ ಮತ್ತು ಪೂರ್ಣ ಉದ್ದದ ಮಡ್‌ಗಾರ್ಡ್ ಉಪಯುಕ್ತ.

ನಿಲುಗಡೆ: ಸೈಕಲ್ಲು ದಿನದ ಹೆಚ್ಚಿನ ಹೊತ್ತು ನಿಂತೇ ಇರುತ್ತದೆ. ಅದನ್ನು ಕಾವಲಿರುವ ಆವರಣದಲ್ಲಿ ನಿಲ್ಲಿಸಲಾಗುತ್ತದೆಯೋ, ರಸ್ತೆಬದಿಯಲ್ಲಿಯೋ ಅಥವಾ ಮೂರನೆಯ ಮಹಡಿಗೆ ಹೊತ್ತೊಯ್ಯಬೇಕೋ ಎಂಬುದು ಅದರ ತೂಕ, ಬೆಲೆ ಮತ್ತು ಬೀಗದ ಆಯ್ಕೆಯ ಮೇಲೆ ನೇರ ಪರಿಣಾಮ ಬೀರುತ್ತದೆ.

ವಿಧಗಳು

• ರೋಡ್‌ಸ್ಟರ್: ಉಕ್ಕಿನ ಚೌಕಟ್ಟು, 28 ಇಂಚಿನ ಚಕ್ರ ಮತ್ತು ಒಂದೇ ಗೇರು ಇರುವ ಸಾಂಪ್ರದಾಯಿಕ ಮಾದರಿ. ತೂಕ ಹೆಚ್ಚಾದರೂ ಬಿಡಿಭಾಗಗಳು ಸಣ್ಣ ಊರುಗಳಲ್ಲಿಯೂ ದೊರೆಯುತ್ತವೆ.
• ಸಿಟಿ ಸೈಕಲ್: ನೆದರ್ಲೆಂಡ್ಸ್ ಮತ್ತು ಡೆನ್ಮಾರ್ಕಿನಲ್ಲಿ ಸಾಮಾನ್ಯ. ನೇರ ಭಂಗಿ, ಹಬ್ ಗೇರು, ಮುಚ್ಚಿದ ಚೈನು ಮತ್ತು ದೀಪಗಳು ಇದರ ಲಕ್ಷಣಗಳು.
• ಹೈಬ್ರಿಡ್: ನೇರ ಹ್ಯಾಂಡಲ್, ಮಧ್ಯಮ ಅಗಲದ ಟೈರು ಮತ್ತು ಹಲವು ಗೇರುಗಳು ಇರುವ, ತುಸು ಮುಂದಕ್ಕೆ ಬಾಗಿ ಓಡಿಸುವ ಸೈಕಲ್.
• ಮಡಚುವ ಸೈಕಲ್: ಸಾಮಾನ್ಯವಾಗಿ 16 ಅಥವಾ 20 ಇಂಚಿನ ಚಕ್ರಗಳಿರುತ್ತವೆ. ರೈಲು ಅಥವಾ ಮೆಟ್ರೊ ಜೊತೆಗೂಡಿಸಿ ಪ್ರಯಾಣಿಸುವವರಿಗೂ ಸ್ಥಳಾಭಾವವಿರುವ ಮನೆಗಳಿಗೂ ಸೂಕ್ತ. ಒಳಗೇ ಒಯ್ಯಬಹುದಾದ್ದರಿಂದ ಕಳವಿನ ಭಯ ಕಡಿಮೆ.
• ವಿದ್ಯುತ್ ಸಹಾಯದ ಸೈಕಲ್: ತುಳಿತಕ್ಕೆ ಮೋಟಾರು ನೆರವಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಮೋಟಾರಿನ ಶಕ್ತಿ 250 ವ್ಯಾಟ್‌ಗೆ, ನೆರವಿನ ವೇಗ ಗಂಟೆಗೆ 25 ಕಿ.ಮೀ.ಗೆ ಸೀಮಿತ. ಭಾರತದ ಮೋಟಾರು ವಾಹನ ನಿಯಮಗಳಲ್ಲಿಯೂ ಇದಕ್ಕೆ ಸಮೀಪದ ಮಿತಿಗಳಿದ್ದು, ಅವುಗಳೊಳಗಿನ ಸೈಕಲ್ಲುಗಳಿಗೆ ನೋಂದಣಿ ಅಗತ್ಯವಿಲ್ಲ.

ಚೌಕಟ್ಟು ಮತ್ತು ಅಳತೆ

ಚೌಕಟ್ಟುಗಳನ್ನು ಹೆಚ್ಚಾಗಿ ಉಕ್ಕು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದಿಂದ ತಯಾರಿಸಲಾಗುತ್ತದೆ. ಉಕ್ಕಿನ ಚೌಕಟ್ಟು ಬಾಗಿದರೆ ಅಥವಾ ಬಿರುಕು ಬಿಟ್ಟರೆ ಸ್ಥಳೀಯ ವೆಲ್ಡಿಂಗ್ ಅಂಗಡಿಯಲ್ಲಿ ಸರಿಪಡಿಸಲು ಸಾಧ್ಯ. ಅಲ್ಯೂಮಿನಿಯಂ ಹಗುರ ಮತ್ತು ತುಕ್ಕು ಹಿಡಿಯದು, ಆದರೆ ಅದರ ದುರಸ್ತಿ ಕಷ್ಟಕರ. ಮೇಲಿನ ಕಂಬಿ ಇಳಿಜಾರಾಗಿರುವ ಅಥವಾ ಇಲ್ಲದಿರುವ ಚೌಕಟ್ಟು ಸೀರೆ, ಲಂಗ, ಪಂಚೆ ಉಟ್ಟವರಿಗೂ ಹಿರಿಯರಿಗೂ ಹತ್ತಿಳಿಯಲು ಸುಲಭ. ಕ್ಯಾರಿಯರ್ ತುಂಬ ಸಾಮಾನು ಇರುವಾಗ ಹಿಂದಿನಿಂದ ಕಾಲೆತ್ತಿ ಹಾಕಲಾಗದ ಕಾರಣ ಈ ವಿನ್ಯಾಸ ಎಲ್ಲರಿಗೂ ಉಪಯುಕ್ತ.

ಸೈಕಲ್ಲಿನ ಮೇಲೆ ಕಾಲುಗಳನ್ನು ಇಬ್ಬದಿಗೆ ಊರಿ ನಿಂತಾಗ ಮೇಲಿನ ಕಂಬಿಗೂ ದೇಹಕ್ಕೂ ನಡುವೆ ಕೆಲವು ಸೆಂಟಿಮೀಟರ್ ಅಂತರವಿರಬೇಕು. ಸೀಟಿನ ಎತ್ತರವನ್ನು ಗುರುತಿಸಲು ಸರಳ ವಿಧಾನವೆಂದರೆ, ಪೆಡಲ್ ಅತ್ಯಂತ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯನ್ನಿಟ್ಟು ಮೊಣಕಾಲು ನೇರವಾಗುತ್ತದೆಯೇ ಎಂದು ನೋಡುವುದು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಸೀಟು ಬಹಳ ತಗ್ಗಾಗಿದ್ದರೆ ಮೊಣಕಾಲಿನ ಮೇಲೆ ಒತ್ತಡ ಬೀಳುತ್ತದೆ. ಕ್ಯಾರಿಯರ್ ಮತ್ತು ಮಡ್‌ಗಾರ್ಡ್ ಜೋಡಿಸಲು ಚೌಕಟ್ಟಿನಲ್ಲಿ ಸ್ಕ್ರೂ ರಂಧ್ರಗಳಿವೆಯೇ ಎಂಬುದನ್ನು ಕೊಳ್ಳುವ ಮೊದಲೇ ಪರೀಕ್ಷಿಸಬೇಕಾಗುತ್ತದೆ.

ಚಾಲನಾ ವ್ಯವಸ್ಥೆ

ಕಾಲಿನ ಬಲವನ್ನು ಪೆಡಲಿನಿಂದ ಹಿಂದಿನ ಚಕ್ರಕ್ಕೆ ತಲುಪಿಸುವ ಭಾಗಗಳ ಸಮೂಹವೇ ಚಾಲನಾ ವ್ಯವಸ್ಥೆ. ಇದರಲ್ಲಿ ಮುಂದಿನ ಹಲ್ಲುಚಕ್ರ, ಚೈನು ಮತ್ತು ಹಿಂದಿನ ಹಲ್ಲುಚಕ್ರ ಮುಖ್ಯವಾದವು. ಮುಂದಿನ ಹಲ್ಲುಗಳ ಸಂಖ್ಯೆಯನ್ನು ಹಿಂದಿನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದರೆ ಗೇರಿನ ಅನುಪಾತ ಸಿಗುತ್ತದೆ. ಉದಾಹರಣೆಗೆ, ಮುಂದೆ 44 ಮತ್ತು ಹಿಂದೆ 18 ಹಲ್ಲುಗಳಿದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರವು ಸುಮಾರು 2.44 ಸುತ್ತು ತಿರುಗುತ್ತದೆ. 28 ಇಂಚಿನ ಚಕ್ರದ ರೋಡ್‌ಸ್ಟರ್ ಇದರಿಂದ ಸುಮಾರು 5.5 ಮೀಟರ್ ಮುಂದೆ ಸಾಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ವೇಗವು ಗಂಟೆಗೆ ಸುಮಾರು 20 ಕಿ.ಮೀ. ಆಗುತ್ತದೆ. ಬಯಲಿನಲ್ಲಿ ಹಿತಕರವಾದ ಈ ಅನುಪಾತ ಕಡಿದಾದ ಏರಿನಲ್ಲಿ ಭಾರವೆನಿಸುತ್ತದೆ. ಅಲ್ಲಿ ಮುಂದೆ ಮತ್ತು ಹಿಂದೆ 32 ಹಲ್ಲುಗಳಿರುವ ಗೇರಿನಲ್ಲಿ ಒಂದು ಸುತ್ತಿಗೆ ಎರಡು ಮೀಟರಿಗಿಂತ ತುಸು ಹೆಚ್ಚು ಮಾತ್ರ ಸಾಗಿದರೂ ಇಳಿದು ತಳ್ಳಬೇಕಾದ ಪ್ರಸಂಗ ತಪ್ಪುತ್ತದೆ.

ಒಂದೇ ಗೇರಿನ ವ್ಯವಸ್ಥೆ: ಅತ್ಯಂತ ಸರಳ ಮತ್ತು ಅಗ್ಗ. ಕೆಡುವ ಭಾಗಗಳು ಕಡಿಮೆ. ಅಗಲವಾದ ಚೈನು ದೀರ್ಘಕಾಲ ಬಾಳುತ್ತದೆ ಮತ್ತು ಪೂರ್ಣ ಕವರ್ ಅಳವಡಿಸಬಹುದು.

ಹಬ್ ಗೇರು: ಗೇರುಗಳು ಹಿಂದಿನ ಚಕ್ರದ ಹಬ್‌ನೊಳಗೆ ಅಡಕವಾಗಿರುತ್ತವೆ. 20ನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಸ್ಟರ್ಮಿ-ಆರ್ಚರ್ ಸಂಸ್ಥೆ ಮೂರು ಗೇರುಗಳ ಹಬ್ಬನ್ನು ಜನಪ್ರಿಯಗೊಳಿಸಿತು. ಅದರ ಪ್ರಸಿದ್ಧ 'ಎಡಬ್ಲ್ಯೂ' ಮಾದರಿಯಲ್ಲಿ ನಡುವಿನ ಗೇರಿಗೆ ಹೋಲಿಸಿದರೆ ಕೆಳಗಿನದು ಶೇ. 25ರಷ್ಟು ಹಗುರ, ಮೇಲಿನದು ಶೇ. 33ರಷ್ಟು ವೇಗ. ಇಂದು ಜಪಾನಿನ ಶಿಮಾನೊ ಸಂಸ್ಥೆಯ 3, 7 ಮತ್ತು 8 ಗೇರುಗಳ ಹಬ್‌ಗಳೂ ಬಳಕೆಯಲ್ಲಿವೆ. ಯಂತ್ರಭಾಗಗಳಿಗೆ ಮಳೆ, ದೂಳು ತಗಲುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತಿರುವಾಗಲೂ ಗೇರು ಬದಲಿಸಬಹುದು. ತೂಕ, ಬೆಲೆ ಹೆಚ್ಚು ಎಂಬುದು ಮತ್ತು ಹಿಂದಿನ ಚಕ್ರವನ್ನು ಬಿಚ್ಚುವುದು ತೊಡಕು ಎಂಬುದು ಇದರ ಮಿತಿಗಳು. ಭಾರತದಲ್ಲಿ ಇದನ್ನು ದುರಸ್ತಿ ಮಾಡಬಲ್ಲ ಮೆಕ್ಯಾನಿಕ್‌ಗಳು ವಿರಳ.

ಡಿರೈಲರ್: ಚೈನನ್ನು ಒಂದು ಹಲ್ಲುಚಕ್ರದಿಂದ ಮತ್ತೊಂದಕ್ಕೆ ಸರಿಸುವ ವ್ಯವಸ್ಥೆ. ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಲ್ಲಿ ಇದರ ಬಳಕೆಗೆ 1937ರಲ್ಲಿ ಅನುಮತಿ ದೊರೆಯಿತು. ಗೇರುಗಳ ವ್ಯಾಪ್ತಿ ವಿಶಾಲ, ತೂಕ ಕಡಿಮೆ. ಆದರೆ ಇದರ ಭಾಗಗಳು ತೆರೆದಿರುವುದರಿಂದ ಆಗಾಗ ಶುಚಿಗೊಳಿಸಿ ಎಣ್ಣೆ ಹಾಕಬೇಕು. ಸೈಕಲ್ಲು ಬಲಗಡೆಗೆ ಬಿದ್ದರೆ ಹಿಂದಿನ ಡಿರೈಲರ್ ಬಾಗುವ ಸಂಭವವಿದೆ. 21 ಗೇರು ಎಂದು ಪ್ರಚಾರವಾಗುವ ಸೈಕಲ್ಲುಗಳಲ್ಲಿ ಮುಂದಿನ 3 ಮತ್ತು ಹಿಂದಿನ 7 ಹಲ್ಲುಚಕ್ರಗಳ ಗುಣಲಬ್ಧವನ್ನು ಲೆಕ್ಕಿಸಲಾಗಿರುತ್ತದೆ. ಅವುಗಳಲ್ಲಿ ಹಲವು ಅನುಪಾತಗಳು ಹೆಚ್ಚುಕಡಿಮೆ ಒಂದೇ ಆಗಿರುತ್ತವೆ. ನಗರಸಂಚಾರಕ್ಕೆ ಮುಂದೆ ಒಂದು, ಹಿಂದೆ ಏಳೆಂಟು ಹಲ್ಲುಚಕ್ರಗಳಿದ್ದರೆ ಸಾಮಾನ್ಯವಾಗಿ ಸಾಕು.

ಬೆಲ್ಟ್ ಚಾಲನೆ: ಚೈನಿನ ಬದಲು ಹಲ್ಲುಗಳಿರುವ ಬೆಲ್ಟನ್ನು ಬಳಸಲಾಗುತ್ತದೆ. ತುಕ್ಕು ಹಿಡಿಯುವುದಿಲ್ಲ, ಎಣ್ಣೆ ಬೇಕಿಲ್ಲ, ಬಟ್ಟೆಗೆ ಮಸಿ ಅಂಟುವುದಿಲ್ಲ. ಬೆಲ್ಟನ್ನು ಚೈನಿನಂತೆ ಬಿಚ್ಚಲಾಗದ ಕಾರಣ ಅದನ್ನು ತೂರಿಸಲು ತೆರೆಯಬಹುದಾದ ವಿಶೇಷ ಚೌಕಟ್ಟು ಬೇಕಾಗುತ್ತದೆ.

ಬ್ರೇಕುಗಳು

ಹಳೆಯ ರೋಡ್‌ಸ್ಟರ್‌ಗಳಲ್ಲಿ ಕಂಬಿ ಬ್ರೇಕುಗಳಿರುತ್ತವೆ. ಇವು ಗಟ್ಟಿಯಾಗಿದ್ದರೂ ಉಕ್ಕಿನ ರಿಮ್ ಒದ್ದೆಯಾದಾಗ ಹಿಡಿತ ತೀರ ಕಡಿಮೆಯಾಗುತ್ತದೆ. ಅಲ್ಯೂಮಿನಿಯಂ ರಿಮ್‌ನ ಮೇಲೆ ವಿ-ಬ್ರೇಕುಗಳು ಮಳೆಯಲ್ಲಿಯೂ ಇದಕ್ಕಿಂತ ಚೆನ್ನಾಗಿ ಹಿಡಿಯುತ್ತವೆ. ಅವುಗಳ ರಬ್ಬರು ಅಗ್ಗವಾಗಿದ್ದು ಎಲ್ಲೆಡೆ ದೊರೆಯುತ್ತದೆ. ಹಬ್‌ನೊಳಗಿನ ಡ್ರಮ್ ಬ್ರೇಕಿಗೆ ಮಳೆಯ ಬಾಧೆಯಿಲ್ಲ. ಡಿಸ್ಕ್ ಬ್ರೇಕು ಕೆಸರಿನಲ್ಲಿಯೂ ಇಳಿಜಾರಿನಲ್ಲಿಯೂ ಪರಿಣಾಮಕಾರಿ. ಯಾವ ಬ್ರೇಕಾದರೂ ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕವಾಗಿರುವುದು ಸುರಕ್ಷತೆಯ ಮೂಲ ನಿಯಮ.

ಚಕ್ರ ಮತ್ತು ಟೈರು

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂತಾರಾಷ್ಟ್ರೀಯ ಅಳತೆಯಲ್ಲಿ ಮೊದಲ ಸಂಖ್ಯೆ ಟೈರಿನ ಅಗಲವನ್ನೂ ಎರಡನೆಯದು ರಿಮ್‌ನ ಮೇಲೆ ಟೈರು ಕೂರುವ ವ್ಯಾಸವನ್ನೂ ಮಿಲಿಮೀಟರುಗಳಲ್ಲಿ ಸೂಚಿಸುತ್ತವೆ. ರೋಡ್‌ಸ್ಟರ್‌ನ 28 × 1½ ಟೈರು 40-635 ಎಂದೂ, ಹೈಬ್ರಿಡ್ ಸೈಕಲ್ಲುಗಳ 700ಸಿ ಟೈರಿನ ವ್ಯಾಸ 622 ಎಂದೂ ಗುರುತಾಗಿರುತ್ತದೆ. '26 ಇಂಚು' ಎಂದು ಕರೆಯುವ ಟೈರುಗಳಲ್ಲಿಯೇ 559 ಮತ್ತು 590 ವ್ಯಾಸದವು ಬೇರೆ ಬೇರೆಯಾಗಿದ್ದು, ಒಂದರ ಬದಲು ಇನ್ನೊಂದು ಕೂರುವುದಿಲ್ಲ. ಆದ್ದರಿಂದ ಟೈರು ಕೊಳ್ಳುವಾಗ ಇಂಚಿನ ಹೆಸರಿಗಿಂತ ಈ ಸಂಖ್ಯೆಯನ್ನು ನೋಡುವುದು ಸೂಕ್ತ.

ಗುಂಡಿ, ಹಂಪುಗಳಿರುವ ರಸ್ತೆಗಳಿಗೆ 35ರಿಂದ 47 ಮಿ.ಮೀ. ಅಗಲದ ಟೈರು ಅನುಕೂಲಕರ. ಜಾಲಿ ಮುಳ್ಳು, ಗಾಜಿನ ಚೂರುಗಳ ಕಾಟವಿರುವ ಕಡೆ ಒಳಗೆ ರಕ್ಷಣಾ ಪದರವಿರುವ ಟೈರುಗಳನ್ನು ಬಳಸಲಾಗುತ್ತದೆ. ಗಾಳಿ ಕಡಿಮೆಯಿದ್ದರೆ ಗುಂಡಿಗೆ ಬಿದ್ದಾಗ ಟ್ಯೂಬು ರಿಮ್‌ಗೂ ಟೈರಿಗೂ ನಡುವೆ ಸಿಕ್ಕಿ ತೂತಾಗುತ್ತದೆ. ಟ್ಯೂಬಿನ ವಾಲ್ವ್‌ನ ಬಗೆಯೂ ಗಮನಾರ್ಹ. ಸಾಂಪ್ರದಾಯಿಕ ವಾಲ್ವ್‌ಗೆ ಯಾವುದೇ ಸೈಕಲ್ ಅಂಗಡಿಯ ಪಂಪಿನಿಂದ ಗಾಳಿ ತುಂಬಬಹುದು. ಮೋಟಾರು ವಾಹನಗಳದೇ ಆದ ಶ್ರೇಡರ್ ವಾಲ್ವ್‌ಗೆ ಪೆಟ್ರೋಲ್ ಬಂಕ್‌ಗಳಲ್ಲಿಯೂ ತುಂಬಿಸಬಹುದು. ತೆಳುವಾದ ಪ್ರೆಸ್ಟಾ ವಾಲ್ವ್‌ಗೆ ಅದಕ್ಕೆ ಹೊಂದುವ ಪಂಪು ಅಥವಾ ಜೋಡಣೆ ಬೇಕು.

ಪರಿಕರಗಳು

ಮಡ್‌ಗಾರ್ಡ್: ಚಕ್ರದಿಂದ ಚಿಮ್ಮುವ ಕೆಸರು ಸವಾರರ ಬಟ್ಟೆಗೂ ಚೈನಿಗೂ ತಾಗದಂತೆ ತಡೆಯುತ್ತದೆ. ಮುಂದಿನ ಮಡ್‌ಗಾರ್ಡ್‌ನ ತುದಿಯಲ್ಲಿ ರಬ್ಬರಿನ ತೂಗುಪಟ್ಟಿ ಇದ್ದರೆ ಪಾದಗಳೂ ಒದ್ದೆಯಾಗುವುದಿಲ್ಲ.

ಚೈನ್ ಕವರ್: ಪ್ಯಾಂಟು, ಸೀರೆ ಅಥವಾ ದುಪಟ್ಟಾ ಚೈನಿಗೆ ಸಿಕ್ಕಿಕೊಳ್ಳುವುದನ್ನು ತಪ್ಪಿಸುತ್ತದೆ. ಹಿಂದಿನ ಚಕ್ರದ ಕಡ್ಡಿಗಳಿಗೆ ಬಟ್ಟೆ ಸುತ್ತಿಕೊಳ್ಳದಂತೆ ಚಕ್ರದ ಮೇಲ್ಭಾಗಕ್ಕೆ ಜಾಲರಿಯನ್ನೂ ಅಳವಡಿಸುತ್ತಾರೆ.

ಕ್ಯಾರಿಯರ್: ಬೆನ್ನಿಗೆ ಚೀಲ ಹೊತ್ತರೆ ಬೆವರು ಮತ್ತು ಬೆನ್ನುನೋವು ಹೆಚ್ಚುತ್ತವೆ. ಕ್ಯಾರಿಯರ್‌ನ ಇಬ್ಬದಿಗಳಲ್ಲಿ ತೂಗುವ ಚೀಲಗಳು ಭಾರವನ್ನು ಕೆಳಮಟ್ಟದಲ್ಲಿರಿಸಿ ಸಮತೋಲವನ್ನು ಕಾಪಾಡುತ್ತವೆ. ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಗಲದಷ್ಟು ಜಾಗ ಇರಬೇಕು.

ದೀಪಗಳು: ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರುವುದು ರೂಢಿ. ಟೈರಿಗೆ ಉಜ್ಜಿ ತಿರುಗುವ ಹಳೆಯ ಡೈನಮೋ ತುಳಿತವನ್ನು ಭಾರವಾಗಿಸುತ್ತಿತ್ತು ಮತ್ತು ಸೈಕಲ್ ನಿಂತೊಡನೆ ದೀಪ ಆರುತ್ತಿತ್ತು. ಚಕ್ರದ ಹಬ್‌ನೊಳಗೇ ಇರುವ ಇಂದಿನ ಡೈನಮೋ ಸಾಮಾನ್ಯವಾಗಿ 6 ವೋಲ್ಟ್, 3 ವ್ಯಾಟ್ ಸಾಮರ್ಥ್ಯದ್ದು. ಇದಕ್ಕೆ ಜೋಡಿಸಿದ ಎಲ್‌ಇಡಿ ದೀಪಗಳಲ್ಲಿ ಹಲವು ಸೈಕಲ್ ನಿಂತ ಮೇಲೂ ಕೆಲವು ನಿಮಿಷ ಬೆಳಗುತ್ತವೆ. ಬ್ಯಾಟರಿ ದೀಪಗಳು ಅಗ್ಗ, ಆದರೆ ಅವುಗಳನ್ನು ಚಾರ್ಜ್ ಮಾಡುವುದನ್ನೂ ನಿಲ್ಲಿಸಿದಲ್ಲಿ ಕಳಚಿಕೊಳ್ಳುವುದನ್ನೂ ಮರೆಯಬಾರದು. ದೀಪಗಳ ಜೊತೆಗೆ ಪೆಡಲ್ ಮತ್ತು ಕಡ್ಡಿಗಳ ಪ್ರತಿಫಲಕಗಳು ಕತ್ತಲೆಯಲ್ಲಿ ಸವಾರರನ್ನು ಪಕ್ಕದಿಂದಲೂ ಗುರುತಿಸಲು ನೆರವಾಗುತ್ತವೆ.

ಬೆಲ್ಲು ಮತ್ತು ಹೆಲ್ಮೆಟ್: ಪಾದಚಾರಿಗಳಿಗೆ ಸೂಚನೆ ನೀಡಲು ಬೆಲ್ಲು ಅಗತ್ಯ. ಹೆಲ್ಮೆಟ್ ಕುರಿತ ನಿಯಮಗಳು ದೇಶದಿಂದ ದೇಶಕ್ಕೆ ಬೇರೆಯಾಗಿವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 1990ರಲ್ಲಿ ಇದನ್ನು ಕಡ್ಡಾಯಗೊಳಿಸಿತು. ಪ್ರತ್ಯೇಕ ಸೈಕಲ್ ಪಥಗಳಿರುವ ನೆದರ್ಲೆಂಡ್ಸ್‌ನಲ್ಲಿ ಸಾಮಾನ್ಯ ಸವಾರರು ಧರಿಸುವುದು ಕಡಿಮೆ. ಮೋಟಾರು ವಾಹನಗಳ ನಡುವೆಯೇ ಸಾಗಬೇಕಾದ ಭಾರತದ ನಗರಗಳಲ್ಲಿ ಹೆಲ್ಮೆಟ್ ಧರಿಸುವುದು ಲೇಸು.

ಬೀಗಗಳು

ದಿನದ ದುಡಿಮೆಗೆ ಸೈಕಲ್ಲನ್ನೇ ನಂಬಿರುವವರಿಗೆ ಅದರ ಕಳವು ಎಂದರೆ ಕೆಲಸದ ನಷ್ಟವೂ ಹೌದು. ವಿಟ್ಟೋರಿಯೊ ಡಿ ಸಿಕಾ ನಿರ್ದೇಶನದ 1948ರ ಇಟಾಲಿಯನ್ ಚಲನಚಿತ್ರ 'ಬೈಸಿಕಲ್ ಥೀವ್ಸ್' ಇದೇ ವಸ್ತುವನ್ನು ಆಧರಿಸಿದೆ. ಸಾಕಷ್ಟು ಸಮಯ ಮತ್ತು ಉಪಕರಣ ಇರುವ ಕಳ್ಳನನ್ನು ಯಾವ ಬೀಗವೂ ಸಂಪೂರ್ಣವಾಗಿ ತಡೆಯಲಾರದು. ಕಳವಿಗೆ ತಗಲುವ ಸಮಯವನ್ನೂ ಸದ್ದನ್ನೂ ಹೆಚ್ಚಿಸುವುದೇ ಬೀಗದ ಕೆಲಸ.

• ಚಕ್ರದ ಬೀಗ: ಚೌಕಟ್ಟಿಗೆ ಜೋಡಿಸಿದ ಬಳೆಯಾಕಾರದ ಬೀಗವು ಹಿಂದಿನ ಚಕ್ರ ತಿರುಗದಂತೆ ಹಿಡಿಯುತ್ತದೆ. ಭಾರತದಲ್ಲಿಯೂ ನೆದರ್ಲೆಂಡ್ಸ್‌ನಲ್ಲಿಯೂ ಬಹಳ ಕಾಲದಿಂದ ಬಳಕೆಯಲ್ಲಿದೆ. ಆದರೆ ಇಡೀ ಸೈಕಲ್ಲನ್ನು ಎತ್ತಿಕೊಂಡು ಹೋಗುವುದನ್ನು ಇದು ತಡೆಯದು.
• ಕೇಬಲ್ ಬೀಗ: ಹಗುರ ಮತ್ತು ಅಗ್ಗ. ಸಾಧಾರಣ ಕತ್ತರಿಸುವ ಉಪಕರಣದಿಂದ ಕ್ಷಣಗಳಲ್ಲಿ ತುಂಡಾಗುವುದರಿಂದ ಇದೊಂದನ್ನೇ ನಂಬುವುದು ಸರಿಯಲ್ಲ. ಮುಂದಿನ ಚಕ್ರ ಅಥವಾ ಸೀಟನ್ನು ಕಟ್ಟಿಡಲು ಎರಡನೆಯ ಬೀಗವಾಗಿ ಉಪಯುಕ್ತ.
• ಸರಪಳಿ ಬೀಗ: ಗಡಸು ಉಕ್ಕಿನ ದಪ್ಪ ಕೊಂಡಿಗಳಿದ್ದರೆ ಬಲವಾಗಿರುತ್ತದೆ, ಆದರೆ ತೂಕ ಹೆಚ್ಚು. ಯಾವಾಗಲೂ ಒಂದೇ ಕಡೆ ನಿಲ್ಲಿಸುವವರು ಇದನ್ನು ಅಲ್ಲಿಯೇ ಬಿಟ್ಟುಬರಬಹುದು.
• ಯು-ಬೀಗ: ಗಡಸು ಉಕ್ಕಿನ ಯು ಆಕಾರದ ಸರಳು ಮತ್ತು ಅಡ್ಡಪಟ್ಟಿಯಿಂದ ಕೂಡಿದ್ದು, ತೂಕಕ್ಕೆ ತಕ್ಕ ರಕ್ಷಣೆ ನೀಡುತ್ತದೆ. ಗಾತ್ರ ಚಿಕ್ಕದಾದಷ್ಟೂ ಮೀಟುವ ಉಪಕರಣ ತೂರಿಸಲು ಜಾಗ ಕಡಿಮೆ.

ಬೀಗದ ಬಲ ಸರಳಿನ ದಪ್ಪದಿಂದ ಮಾತ್ರ ನಿರ್ಧಾರವಾಗುವುದಿಲ್ಲ. ಕೆಲವು ಯು-ಬೀಗಗಳ ಕೊಳವೆಯಾಕಾರದ ಕೀಲಿಕಿಂಡಿಯನ್ನು ಬಾಲ್‌ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ತೆರೆಯಬಹುದೆಂಬುದು 2004ರಲ್ಲಿ ಅಮೆರಿಕದಲ್ಲಿ ಬೆಳಕಿಗೆ ಬಂದಿತು. ಅನಂತರ ತಯಾರಕರು ಬೇರೆ ಬಗೆಯ ಕೀಲಿಗಳಿಗೆ ಬದಲಾದರು. ಬ್ರಿಟನ್ನಿನ 'ಸೋಲ್ಡ್ ಸೆಕ್ಯೂರ್' ಮತ್ತು ನೆದರ್ಲೆಂಡ್ಸ್‌ನ 'ಎಆರ್‌ಟಿ' ಸಂಸ್ಥೆಗಳು ಬೀಗಗಳನ್ನು ಪರೀಕ್ಷಿಸಿ ದರ್ಜೆಗಳನ್ನು ನೀಡುತ್ತವೆ.

ಬೀಗವನ್ನು ಕದಲಿಸಲಾಗದ ಕಂಬ ಅಥವಾ ಸ್ಟ್ಯಾಂಡಿಗೆ ಸೇರಿಸಿ ಹಾಕಬೇಕು. ಸೈಕಲ್ಲನ್ನು ಮೇಲಕ್ಕೆತ್ತಿ ಕಳಚಿಕೊಳ್ಳಬಹುದಾದ ಗಿಡ್ಡ ಕಂಬಗಳು ನಿರುಪಯುಕ್ತ. ಬೀಗವು ಚೌಕಟ್ಟು ಮತ್ತು ಹಿಂದಿನ ಚಕ್ರ ಎರಡನ್ನೂ ಬಳಸಿರುವುದು ಒಳ್ಳೆಯದು. ಅಮೆರಿಕದ ಸೈಕಲ್ ತಜ್ಞ ಶೆಲ್ಡನ್ ಬ್ರೌನ್ (1944–2008) ಚಿಕ್ಕ ಯು-ಬೀಗವನ್ನು ಚೌಕಟ್ಟಿನ ಹಿಂದಿನ ತ್ರಿಕೋನದೊಳಗೆ ಹಾದುಹೋಗುವ ರಿಮ್‌ಗೆ ಹಾಕುವ ವಿಧಾನವನ್ನು ಪ್ರಚುರಪಡಿಸಿದರು. ಬೀಗದೊಳಗಿನ ರಿಮ್ ಭಾಗ ಆ ತ್ರಿಕೋನದಿಂದ ಹೊರಬರಲಾಗದ ಕಾರಣ ಚಕ್ರವೂ ಚೌಕಟ್ಟೂ ಒಟ್ಟಿಗೆ ಬಂಧಿತವಾಗುತ್ತವೆ. ಚಕ್ರ ಮತ್ತು ಸೀಟಿಗೆ ಕೈಯಿಂದಲೇ ಬಿಚ್ಚುವ ಹಿಡಿಗಳಿದ್ದರೆ ಅವುಗಳನ್ನು ತೆಗೆದು ನಟ್ಟು-ಬೋಲ್ಟು ಹಾಕಿಸುವುದರಿಂದ ಬಿಡಿಭಾಗಗಳ ಕಳವು ಕಡಿಮೆಯಾಗುತ್ತದೆ. ಸೈಕಲ್ ಬೆಲೆಯ ಸುಮಾರು ಹತ್ತನೆಯ ಒಂದು ಭಾಗವನ್ನು ಬೀಗಕ್ಕೆ ಮೀಸಲಿಡುವುದು ರೂಢಿಯಲ್ಲಿರುವ ಸರಳ ಲೆಕ್ಕ.

ಚೌಕಟ್ಟಿನ ಸಂಖ್ಯೆಯನ್ನು ಸಾಮಾನ್ಯವಾಗಿ ಪೆಡಲಿನ ಅಚ್ಚು ಹಾದುಹೋಗುವ ಭಾಗದ ಕೆಳಗೆ ಕೊರೆಯಲಾಗಿರುತ್ತದೆ. ಈ ಸಂಖ್ಯೆ, ಖರೀದಿಯ ರಸೀದಿ ಮತ್ತು ಒಂದು ಛಾಯಾಚಿತ್ರ ಇದ್ದರೆ ಪೊಲೀಸ್ ದೂರು ನೀಡಲು ಹಾಗೂ ಸಿಕ್ಕ ಸೈಕಲ್ಲು ತನ್ನದೆಂದು ರುಜುವಾತುಪಡಿಸಲು ಸಾಧ್ಯ. ವ್ಯವಸ್ಥಿತ ನಿಲುಗಡೆಯೂ ಕಳವಿಗೆ ಪರಿಹಾರ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ರೈಲು ನಿಲ್ದಾಣದಲ್ಲಿ 2019ರಲ್ಲಿ ಪೂರ್ಣಗೊಂಡ ಕಾವಲಿರುವ ನಿಲುಗಡೆಯಲ್ಲಿ ಸುಮಾರು 12,500 ಸೈಕಲ್ಲುಗಳಿಗೆ ಸ್ಥಳವಿದೆ.

ನಿರ್ವಹಣೆ

ವಾರಕ್ಕೊಮ್ಮೆ ಟೈರಿನ ಗಾಳಿ ಹಾಗೂ ಬ್ರೇಕನ್ನು ಪರೀಕ್ಷಿಸುವುದು ಮತ್ತು ಮಳೆಯಲ್ಲಿ ನೆನೆದ ಚೈನನ್ನು ಒರೆಸಿ ಎಣ್ಣೆ ಹಾಕುವುದು ನಿತ್ಯಸಂಚಾರದ ಸೈಕಲ್ಲಿಗೆ ಬೇಕಾದ ಕನಿಷ್ಠ ಆರೈಕೆ. ಹೆಚ್ಚಾದ ಎಣ್ಣೆಯನ್ನು ಒರೆಸದಿದ್ದರೆ ಅದಕ್ಕೆ ದೂಳು ಅಂಟಿ ಸವೆತ ಹೆಚ್ಚುತ್ತದೆ. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು ಅಂತರವಿರುವುದರಿಂದ 24 ಅಂತರಗಳು ಸರಿಯಾಗಿ 12 ಇಂಚಾಗುತ್ತವೆ. ಸವೆದ ಚೈನಿನಲ್ಲಿ ಇದು 12 ಇಂಚನ್ನು ದಾಟಿ 1/16 ಇಂಚಿನಷ್ಟು ಹೆಚ್ಚಿದರೆ ಚೈನನ್ನು ಬದಲಿಸಬೇಕು. ತಡಮಾಡಿದರೆ ಹಲ್ಲುಚಕ್ರಗಳೂ ಸವೆದು ಅವುಗಳನ್ನೂ ಬದಲಿಸುವ ಖರ್ಚು ಬರುತ್ತದೆ. ಪಂಕ್ಚರ್ ಅಂಟು-ತೇಪೆ, ಟೈರು ಬಿಚ್ಚುವ ಲಿವರ್, ಒಂದು ಹೆಚ್ಚುವರಿ ಟ್ಯೂಬು, ಚಿಕ್ಕ ಪಂಪು ಮತ್ತು ಚಕ್ರದ ನಟ್ಟಿಗೆ ಹೊಂದುವ ಸ್ಪ್ಯಾನರ್ ಜೊತೆಯಲ್ಲಿದ್ದರೆ ದಾರಿಯಲ್ಲಿ ಎದುರಾಗುವ ಸಾಮಾನ್ಯ ತೊಂದರೆಗಳನ್ನು ಸವಾರರೇ ನಿವಾರಿಸಿಕೊಳ್ಳಬಹುದು.